ಇಬ್ಬರಾಗಿ ಹೋಗುವ ಊರುಗಳು

ಆಷಾಢದಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡಿರು ಒಂದೇ ಮನೆಯಲ್ಲಿ ಇರಬಾರದೆಂದು ನಮ್ಮ ಕಡೆ ಹೆಣ್ಣನ್ನು ತವರಿಗೆ ಕರೆದೊಯ್ಯುತ್ತಾರೆ. ಹಾಗೆ ಅಗಲಿದ ಜೋಡಿಗಳು ಒಂದು ದಿನದ ಮಟ್ಟಿಗಾದರೂ ಸೇರಲೆಂದು ಚಾಮರಾಜನಗರದಲ್ಲಿ ದೇವರೇ ನೆವ ಒದಗಿಸಿದ್ದಾನೆ. ಚಾಮರಾಜೇಶ್ವರನ ತೇರು ಎಳೆಯುವುದು ಆಷಾಢದಲ್ಲೇ. ಬೇರೆ ಕಡೆ ಶುಭಕಾರ್ಯಗಳೆಲ್ಲ ನಿಂತಿರುವ ಆ ತಿಂಗಳಲ್ಲಿ ಇಲ್ಲಿನ ರಥದ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಡುಗಿ ತವರಿನವರ ಜೊತೆ ಬಸ್ಸಿಳಿಯುತ್ತಾಳೆ. ಹುಡುಗ ತನ್ನೂರಿನಿಂದ ಬೈಕಿನಲ್ಲಿ ಬಂದು ದೇವಸ್ಥಾನದ ಮುಂದೆ ಕಾದಿರುತ್ತಾನೆ. ಇಬ್ಬರೂ ಸೇರಿ ಬಾಳೆಹಣ್ಣಿಗೆ ಜವನದ ಕಡ್ಡಿ ಸಿಕ್ಕಿಸಿ, ತೇರಿನ ಕಳಸಕ್ಕೆ ಗುರಿಯಿಟ್ಟು ಎಸೆಯುತ್ತಾರೆ.

ಈ ಹಣ್ಣು ಜವನವನ್ನು ಹತ್ತಿರದಿಂದ ನೋಡಬೇಕು. ಜವನದ ಎಲೆ ಬೂದು ಕಲೆತ ಹಸಿರು, ಎಳೆ ಎಳೆಯಾಗಿ ಸೀಳಿಕೊಂಡಿರುತ್ತದೆ. ಬೆರಳಲ್ಲಿ ಒಂದು ಸಲ ತಿಕ್ಕಿದರೆ ಸಾಕು, ಸಂಜೆಯವರೆಗೂ ಕೈ ಬಿಡದ ಸಿಹಿ ಕಂಪು. ಹಣ್ಣು ಕಳಸದವರೆಗೆ ಏರುವುದು ಅಪರೂಪ. ಹೆಚ್ಚಿನವು ತೇರಿನ ಬಟ್ಟೆಗೆ ಬಡಿದು, ಎಳೆಯುವವರ ತಲೆಗೆ ಬಿದ್ದು, ಕಾಲಡಿಯಲ್ಲಿ ಹಿಚುಕಿ ಹೋಗುತ್ತವೆ. ಅದಕ್ಕೇ ಆ ದಿನ ಬೀದಿಗೆ ಬೀದಿಯೇ ಬಾಳೆಹಣ್ಣು ಜವನ ಬೆರೆತ ವಾಸನೆ ಹೊಡೆಯುತ್ತದೆ. ಎಸೆದ ಮೇಲೆ ಹೊಸ ಹೆಂಡತಿ ಗಂಡನ ಮುಖ ನೋಡುತ್ತಾಳಲ್ಲ, ತಾಗಿತೋ ಇಲ್ಲವೋ ಎಂದು, ತೇರಿಗಿಂತ ಆ ನೋಟವೇ ನನಗೆ ಹೆಚ್ಚು ಇಷ್ಟ. ಸುತ್ತ ನಿಂತ ಅಜ್ಜಿಯರೂ ಅದನ್ನೇ ನೋಡುತ್ತಿರುತ್ತಾರೆ. ‘ಬುಡು, ಬುಡು, ತಾಗ್ತು’ ಎಂದು ಸುಳ್ಳು ಹೇಳಿ ಸಮಾಧಾನ ಮಾಡುತ್ತಾರೆ. ದೇವಸ್ಥಾನವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ತಂದೆಯ ಹೆಸರಿನಲ್ಲಿ ಕಟ್ಟಿಸಿದರು. ಅರಿಕುಠಾರವೆಂಬ ಊರು ಚಾಮರಾಜನಗರವಾದದ್ದೂ ಆ ತಂದೆಯ ಹೆಸರಿನಿಂದಲೇ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ಎಳೆಯಲಿಲ್ಲ. 2022ರಲ್ಲಿ ಹೊಸ ತೇರು ಬಂದಾಗ ಆ ನಡುವಿನ ವರ್ಷಗಳಲ್ಲಿ ಮದುವೆಯಾಗಿದ್ದವರೂ ಮಕ್ಕಳನ್ನು ಎತ್ತಿಕೊಂಡು ಬಂದು ಹಣ್ಣು ಎಸೆದರು.

ನಾನೂ ನನ್ನ ಸಂಗಾತಿಯೂ ಈ ತೇರಿಗೆ ಹೋಗುತ್ತೇವೆ. ಅವನು ಈ ಊರಿನವನೇ, ನಾನು ಗುಂಡ್ಲುಪೇಟೆ ಕಡೆಯವನು. ಇಬ್ಬರೂ ಗಂಡಸರು. ಒಂದೇ ಹಣ್ಣಿಗೆ ಜವನ ಸಿಕ್ಕಿಸಿ ಎಸೆಯುತ್ತೇವೆ. ಅವನ ಹೆಗಲ ಮೇಲೆ ನನ್ನ ಕೈ ಇರುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಜಾತ್ರೆಯಲ್ಲಿ ಗೆಳೆಯರು ಹಾಗೆ ಹೆಗಲ ಮೇಲೆ ಕೈ ಹಾಕಿಕೊಂಡು, ಕಿರುಬೆರಳು ಹಿಡಿದುಕೊಂಡು ತಿರುಗುವುದು ನಮ್ಮ ಸೀಮೆಯಲ್ಲಿ ಮಾಮೂಲು. ಆದರೆ ನಾವು ಎಸೆದಾಗ ‘ತಾಗ್ತು’ ಎನ್ನುವ ಅಜ್ಜಿ ಇಲ್ಲ. ನಾವು ಜೋಡಿಯೆಂದು ಯಾರಿಗೂ ಕಾಣುವುದೇ ಇಲ್ಲ.

ರಜೆಗೆಂದು ಹೊರದೇಶಕ್ಕೆ ಹೋದಾಗಲೆಲ್ಲ ನಾನು ಆ ಊರನ್ನು ಈ ತೇರಿನ ಬೀದಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಸಲಿಂಗಿ ಪ್ರವಾಸಿಗರಿಗೆಂದು ಬರೆದ ಪುಸ್ತಕಗಳಲ್ಲಿ ಬಾರುಗಳ ಪಟ್ಟಿ, ಸಮುದ್ರದ ದಂಡೆಗಳ ಪಟ್ಟಿ, ರಾತ್ರಿ ಎಷ್ಟು ಗಂಟೆಯವರೆಗೆ ಕುಣಿಯಬಹುದು ಎಂಬ ಲೆಕ್ಕ ಇರುತ್ತದೆ. ಅವೆಲ್ಲ ಬೇಕು. ಕುಣಿಯುವ ವಯಸ್ಸಿನವರಿಗೆ ಖಂಡಿತ ಬೇಕು. ನಾನು ಹುಡುಕುವುದು ಮಾತ್ರ ಬೇರೆ. ಇಬ್ಬರು ಇಬ್ಬರಾಗಿಯೇ ಕಾಣುವ ಊರು ಯಾವುದು, ಕಂಡ ಮೇಲೂ ಜನ ತಮ್ಮ ಪಾಡಿಗೆ ತಾವಿರುವ ಊರು ಯಾವುದು?

ಆಮ್ಸ್ಟರ್‌ಡ್ಯಾಮಿಗೂ ಒಂದು ತೇರುಂಟು. ಆಗಸ್ಟ್ ತಿಂಗಳ ಮೊದಲ ಶನಿವಾರ ಅಲ್ಲಿನ ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯಲ್ಲಿ ಸಲಿಂಗಿಗಳ ದೋಣಿ ಮೆರವಣಿಗೆ ಹೊರಡುತ್ತದೆ. 1996ರಿಂದ ನಡೆದು ಬಂದಿದೆ. ಬಣ್ಣ ಕಟ್ಟಿದ ದೋಣಿಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ಎರಡೂ ದಂಡೆಯಲ್ಲಿ ಊರಿಗೆ ಊರೇ ನಿಂತಿರುತ್ತದೆ. ಅಪ್ಪನ ಹೆಗಲ ಮೇಲೆ ಕುಳಿತ ಮಕ್ಕಳು, ಮನೆಯ ಮೆಟ್ಟಿಲಿಗೆ ಕುರ್ಚಿ ತಂದು ಹಾಕಿಕೊಂಡ ಮುದುಕರು, ಸೇತುವೆಯ ಕಂಬಿಗೆ ನೇತುಬಿದ್ದ ಹುಡುಗರು. ಗದ್ದಲ ಜಾಸ್ತಿ, ಹಾಡು ಕಿವಿ ತುಂಬುವಷ್ಟು. ಆದರೆ ಆ ಗದ್ದಲದಲ್ಲಿ ನನಗೆ ಹಿಡಿಸಿದ್ದು ದಂಡೆಯ ಜನವೇ. ತೇರು ನೋಡಲು ಬರುವವರಲ್ಲಿ ಯಾವ ಸಲಿಗೆ, ಯಾವ ಹಿಗ್ಗು ಇರುತ್ತದೋ ಅದೇ ಅಲ್ಲಿತ್ತು. ದೋಣಿಯಲ್ಲಿ ಇಬ್ಬರು ವಯಸ್ಸಾದ ಗಂಡಸರು ಕೈ ಹಿಡಿದು ನಿಂತಿದ್ದರೆ ದಂಡೆಯ ಮೇಲಿನ ಅಜ್ಜಿಯರು ಅವರಿಗೂ ಕೈ ಬೀಸಿದರು.

ಅಲ್ಲಿ ನನ್ನ ಕೈ ಅವನ ಹೆಗಲ ಮೇಲೆ ಬಿದ್ದಾಗ ಆದ ಅನುಭವವನ್ನು ಹೇಳಲೇಬೇಕು. ಚಾಮರಾಜನಗರದಲ್ಲಿ ಅದೇ ಕೈ ನಮ್ಮನ್ನು ಮರೆ ಮಾಡುತ್ತದೆ. ಆಮ್ಸ್ಟರ್‌ಡ್ಯಾಮಿನಲ್ಲಿ ಅದೇ ಕೈ ನಮ್ಮನ್ನು ಎತ್ತಿ ತೋರಿಸುತ್ತದೆ. ಊರಲ್ಲಿ ಹಗುರವಾಗಿದ್ದ ಕೈ ಅಲ್ಲಿ ಮೊದಲ ಗಳಿಗೆಯಲ್ಲಿ ಭಾರವಾಯಿತು. ಎಲ್ಲರಿಗೂ ಗೊತ್ತಾಗಿಬಿಟ್ಟಿತು ಎಂಬ ಅಳುಕು. ಸ್ವಲ್ಪ ಹೊತ್ತಿಗೆ, ಗೊತ್ತಾದರೂ ಯಾರೂ ತಿರುಗಿ ನೋಡುತ್ತಿಲ್ಲ ಎಂಬುದು ಮನಸ್ಸಿಗೆ ಇಳಿದು, ಹಗುರವಾಯಿತು. ಇದು ಊರಿನ ಹಗುರಕ್ಕಿಂತ ಬೇರೆ ರುಚಿ. ಎರಡನ್ನೂ ಕಂಡವರಿಗೆ ಮಾತ್ರ ಎರಡರ ಭೇದ ತಿಳಿದೀತು.

ಮೆರವಣಿಗೆಗಿಂತ ಹೆಚ್ಚು ಹೊತ್ತು ನಾವು ಕಳೆದದ್ದು ವೆಸ್ಟರ್‌ಕೆರ್ಕ್ ಚರ್ಚಿನ ಮಗ್ಗುಲಲ್ಲಿ, ಹೋಮೋಮಾನ್ಯುಮೆಂಟ್ ಎಂಬ ಸ್ಮಾರಕದ ಹತ್ತಿರ. ನಾಜಿಗಳು ತಮ್ಮ ಸೆರೆಶಿಬಿರಗಳಲ್ಲಿ ಸಲಿಂಗಿ ಗಂಡಸರ ಅಂಗಿಗೆ ಗುಲಾಬಿ ಬಣ್ಣದ ತ್ರಿಕೋನ ಹೊಲಿಯುತ್ತಿದ್ದರು. ಕಾರಿನ್ ಡಾನ್ ಎಂಬ ಶಿಲ್ಪಿ ಆ ತ್ರಿಕೋನವನ್ನೇ ಗುಲಾಬಿ ಗ್ರಾನೈಟಿನಲ್ಲಿ ನೆಲಕ್ಕೆ ಹಾಸಿಬಿಟ್ಟಿದ್ದಾರೆ. 1987ರಲ್ಲಿ ತೆರೆದದ್ದು. ಮೂರು ಚಿಕ್ಕ ತ್ರಿಕೋನಗಳು ಸೇರಿ ಒಂದು ದೊಡ್ಡ ತ್ರಿಕೋನ. ಒಂದು ನೆಲದ ಮಟ್ಟಕ್ಕಿದೆ, ಗೊತ್ತಿಲ್ಲದವರು ತುಳಿದುಕೊಂಡೇ ಹೋಗುತ್ತಾರೆ. ಅದರ ತುದಿ ಆನ್ ಫ್ರಾಂಕ್ ಬಚ್ಚಿಟ್ಟುಕೊಂಡಿದ್ದ ಮನೆಯ ಕಡೆಗೆ. ಇನ್ನೊಂದು ಕಟ್ಟೆಯ ಹಾಗೆ ಸ್ವಲ್ಪ ಎತ್ತರಕ್ಕಿದೆ, ಜನ ಅದರ ಮೇಲೆ ಕುಳಿತು ಐಸ್‌ಕ್ರೀಂ ತಿನ್ನುತ್ತಾರೆ. ಮೂರನೆಯದು ಮೆಟ್ಟಿಲಿಳಿದು ಕೈಜರ್ಸ್‌ಗ್ರಾಕ್ಟ್ ಕಾಲುವೆಯ ನೀರಿನ ಮೇಲೆ ಚಾಚಿಕೊಂಡಿದೆ. ಅಲ್ಲಿ ಹೂವು ಇಡುತ್ತಾರೆ. ನಾವು ಹೋದಾಗ ಒಂದು ಗುಲಾಬಿ ಗುಚ್ಛ ಬಾಡಿ ಅಂಚಿನಲ್ಲಿತ್ತು, ಕಟ್ಟಿದ್ದ ಚೀಟಿಯ ಅಕ್ಷರ ನೀರು ತಾಗಿ ಹರಡಿಹೋಗಿತ್ತು.

ಚಾಮರಾಜನಗರದವರಿಗೆ ಕಲ್ಲಿನ ವಿಷಯ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕರಿಕಲ್ಲು ಹೊರದೇಶಗಳಿಗೆ ಹೋಗುವಂಥದ್ದು. ಲಾರಿಗಳು ಒಂದೇ ಒಂದು ದಿಮ್ಮಿ ಹೊತ್ತು ಸಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಹಾಗಾಗಿ ನಾನು ಮೊದಲು ಬಗ್ಗಿ ಆ ಗುಲಾಬಿ ಕಲ್ಲಿನ ಮೈ ಮುಟ್ಟಿ ನೋಡಿದೆ. ತುಂಬ ಜನ ಕೂತು ಎದ್ದು ನುಣುಪಾದ ಕಲ್ಲು. ಬರ್ಲಿನ್ನಿನ ಟಿಯರ್‌ಗಾರ್ಟನ್ ತೋಟದಲ್ಲೂ ಇಂಥದೇ ಸ್ಮಾರಕವಿದೆ, 2008ರದು. ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ, ಅದರ ಕಿಂಡಿಯಲ್ಲಿ ಇಣುಕಿದರೆ ಮುತ್ತಿಡುವ ಜೋಡಿಯ ಚಲನಚಿತ್ರ ಕಾಣುತ್ತದೆ. ವಿಚಾರ ದೊಡ್ಡದು, ನೋಡಿ ಬರಬೇಕು. ಆದರೂ ಕಿಂಡಿಯಲ್ಲಿ ಇಣುಕಿ ನೋಡುವ ಸ್ಮಾರಕಕ್ಕಿಂತ ಕಟ್ಟೆಯಾಗಿ ಕುಳಿತುಕೊಳ್ಳಲು ಸಿಗುವ ಸ್ಮಾರಕ ನನಗೆ ಮೇಲು. ಗಂಡು ಗಂಡಿನ, ಹೆಣ್ಣು ಹೆಣ್ಣಿನ ಮದುವೆ ಜಗತ್ತಿನಲ್ಲೇ ಮೊದಲು ಕಾನೂನಾದದ್ದು ಆಮ್ಸ್ಟರ್‌ಡ್ಯಾಮ್ ಇರುವ ದೇಶದಲ್ಲೇ. 2001ರ ಏಪ್ರಿಲ್ 1ರ ನಡುರಾತ್ರಿ ಆಮ್ಸ್ಟರ್‌ಡ್ಯಾಮಿನ ಮೇಯರ್ ಯೋಬ್ ಕೋಹೆನ್ ನಿಂತು ನಾಲ್ಕು ಜೋಡಿಗಳ ಮದುವೆ ಮಾಡಿಸಿದರು. ಕಾನೂನು ಹಳೆಯದಾದಷ್ಟೂ ಜನ ಅದನ್ನು ಮರೆತು ಸಹಜವಾಗಿರುತ್ತಾರೆ. ಆ ಊರಿನ ಬೀದಿಯಲ್ಲಿ ಅದು ಕಾಣುತ್ತದೆ.

ಇನ್ನು ಲಾಡ್ಜಿನ ಕೌಂಟರಿನ ಮಾತು. ಊರೂರಿನ ಗುಣ ನನಗೆ ತಿಳಿಯುವುದು ಅಲ್ಲೇ.

ನಮ್ಮ ಕಡೆ ಯಾವ ಲಾಡ್ಜಿಗೆ ಹೋದರೂ ಇಬ್ಬರು ಗಂಡಸರಿಗೆ ರೂಮು ಸಿಗುತ್ತದೆ. ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟರಾಯಿತು. ಮದುವೆಯಾಗದ ಹುಡುಗ ಹುಡುಗಿ ಹೋದರೆ ನೂರು ಪ್ರಶ್ನೆ, ನಮಗೆ ಒಂದೂ ಇಲ್ಲ. ಒಮ್ಮೆ ಒಬ್ಬ ಹಿರಿಯ ಮ್ಯಾನೇಜರು ನಮ್ಮ ಮೇಲಿನ ಅಕ್ಕರೆಯಿಂದಲೇ, ‘ಡಬಲ್ ಕಾಟ್ ಯಾಕ್ ಸಾರ್, ಎರಡು ಸಿಂಗಲ್ ಕಾಟ್ ಇರೋ ರೂಮೇ ಕೊಡ್ತೀನಿ, ಆರಾಮಾಗಿ ಮಲ್ಕಳಿ’ ಎಂದು ಬೀಗದ ಕೈ ಬದಲಾಯಿಸಿಕೊಟ್ಟರು. ಒಳ್ಳೆಯ ಮನುಷ್ಯ. ನಾವು ‘ಸರಿ ಸಾರ್’ ಎಂದೆವು. ಎರಡು ಮಂಚವನ್ನು ರಾತ್ರಿ ತಳ್ಳಿ ಜೋಡಿಸಿಕೊಂಡೆವು, ಬೆಳಿಗ್ಗೆ ಮತ್ತೆ ಇದ್ದಲ್ಲಿಗೇ ಎಳೆದಿಟ್ಟೆವು. ನೆಲದ ಮೇಲೆ ಮಂಚ ಎಳೆದ ಗೆರೆ ಉಳಿಯಬಾರದೆಂದು ಟವೆಲಿನಿಂದ ಒರೆಸಿದ್ದೂ ಉಂಟು. ಈ ದೇಶದಲ್ಲಿ ನಮ್ಮಂಥ ಎಷ್ಟೋ ಜೋಡಿಗಳಿಗೆ ಈ ಎಳೆದಿಡುವ ಕೆಲಸ ಗೊತ್ತು.

ತೈಪೆಯ ಹೋಟೆಲೊಂದರಲ್ಲಿ ಕೌಂಟರಿನ ಹುಡುಗಿ ಎರಡೂ ಪಾಸ್‌ಪೋರ್ಟ್ ನೋಡಿ, ಕಂಪ್ಯೂಟರ್ ನೋಡಿ, ‘ಒಂದು ದೊಡ್ಡ ಹಾಸಿಗೆ, ಸರಿ ತಾನೆ?’ ಎಂದು ಕೇಳಿದಳು. ‘ಹೌದು’ ಎಂದೆ. ಅದೇ ಉಸಿರಿನಲ್ಲಿ ಅವಳು ಬೆಳಗಿನ ತಿಂಡಿ ಆರೂವರೆಗೆ ಶುರು, ಒಬ್ಬರು ಸಸ್ಯಾಹಾರಿ ಎಂದು ಬರೆದಿದ್ದೀರಿ, ಮೊಟ್ಟೆ ತಿನ್ನುತ್ತಾರೋ ಇಲ್ಲವೋ ಎಂದು ವಿಚಾರಿಸತೊಡಗಿದಳು. ಅವಳಿಗೆ ಮುಖ್ಯವಾಗಿದ್ದದ್ದು ಮೊಟ್ಟೆ. ಹಾಸಿಗೆಯ ಪ್ರಶ್ನೆಗಿಂತ ಮೊಟ್ಟೆಯ ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯಿತು. ಲಿಫ್ಟಿನಲ್ಲಿ ಹೋಗುವಾಗ ನನ್ನ ಸಂಗಾತಿಯ ಕಣ್ಣು ತುಂಬಿತ್ತು. ಜಗತ್ತಿನ ಯಾವ ಸಮುದ್ರ ತೀರವೂ ನಮಗೆ ಆ ಸುಖ ಕೊಟ್ಟಿಲ್ಲ.

ಟೂರಿಸ್ಟ್ ಏಜೆಂಟರು ನಮ್ಮ ಕಡೆಯವರಿಗೆ ಮೊದಲು ತೋರಿಸುವುದು ದುಬೈ, ಮಾಲ್ಡೀವ್ಸ್, ಮಲೇಷ್ಯಾ, ಶ್ರೀಲಂಕಾ. ನಾಲ್ಕರಲ್ಲೂ ಸಲಿಂಗ ಸಂಬಂಧ ಇವತ್ತಿಗೂ ಕಾನೂನಿನ ಪ್ರಕಾರ ಅಪರಾಧ. ಮಲೇಷ್ಯಾ, ಶ್ರೀಲಂಕಾಗಳ ಆ ಕಲಮುಗಳು ನಮ್ಮ ದಂಡ ಸಂಹಿತೆಯ ಹಳೆಯ 377ನೆಯ ಕಲಮಿನ ಸೋದರರು, ಬ್ರಿಟಿಷರು ಹೋದಲ್ಲೆಲ್ಲ ಬಿಟ್ಟು ಬಂದವು. ಮಾಲ್ಡೀವ್ಸಿನ ನೀಲಿ ನೀರು ಚೆಂದವೆಂದು ನನಗೂ ಗೊತ್ತು. ಆದರೆ ಮಧುಚಂದ್ರಕ್ಕೆಂದೇ ಹೆಸರಾದ ದ್ವೀಪದಲ್ಲಿ ಸಂಗಾತಿಯನ್ನು ತಮ್ಮನೆಂದು ಪರಿಚಯಿಸಿಕೊಂಡು ಕೂರುವುದು ನನ್ನಿಂದಾಗದು. ಸಿಂಗಪುರ 2022ರ ಕೊನೆಯಲ್ಲಿ 377ಎ ಕೈಬಿಟ್ಟಿತು, ಮಾರಿಷಸ್ಸಿನ ಸುಪ್ರೀಂ ಕೋರ್ಟು 2023ರಲ್ಲಿ ತನ್ನ ಹಳೆಯ ಕಲಮನ್ನು ತೆಗೆದುಹಾಕಿತು, ಭೂತಾನ 2021ರಲ್ಲೇ ತಿದ್ದುಪಡಿ ಮಾಡಿಕೊಂಡಿತು. ಪಟ್ಟಿ ಬೆಳೆಯುತ್ತಿದೆ.

ಹಾಗೆಂದು ಕಾನೂನೊಂದೇ ಊರಿನ ರುಚಿಯನ್ನು ತೀರ್ಮಾನಿಸುವುದಿಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಸಲಿಂಗಿ ಗಂಡಸಿನ ಬಾಳನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆದ ಕಥೆಗಳು. ಗುಂಡ್ಲುಪೇಟೆಯ ಬಸ್ಸಿನಲ್ಲಿ ಆ ಪುಸ್ತಕಕ್ಕೆ ದಿನಪತ್ರಿಕೆಯ ರಟ್ಟು ಹಾಕಿಕೊಂಡು ಓದಿದವನು ನಾನು. ಅದರ ಒಂದು ಕಥೆಯಲ್ಲಿ ಮೋಹನಸ್ವಾಮಿ ಕಿಲಿಮಂಜಾರೋ ಹತ್ತುತ್ತಾನೆ. ಆ ಬೆಟ್ಟ ಇರುವುದು ಟಾಂಜಾನಿಯಾದಲ್ಲಿ, ಅಲ್ಲಿನ ಕಾನೂನು ಸಲಿಂಗ ಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ಹೇಳುತ್ತದೆ. ಆದರೂ ಕನ್ನಡದ ಒಬ್ಬ ಸಲಿಂಗಿ ಪ್ರವಾಸಿಗನನ್ನು ನೆನೆದಾಗ ನನಗೆ ಮೊದಲು ಹೊಳೆಯುವುದು ಆ 5,895 ಮೀಟರಿನ ಬೆಟ್ಟವೇ. ಬೆಟ್ಟದ ಮೇಲೆ ಉಸಿರು ಹಿಡಿಯುವುದು ಎಲ್ಲರಿಗೂ ಒಂದೇ ಕಷ್ಟ, ಅಲ್ಲಿ ಯಾರ ಜೊತೆ ಬಂದೆ ಎಂದು ಕೇಳುವವರಿಲ್ಲ. ಪ್ರವಾಸದ ಈ ಬಗೆಯನ್ನೂ ನಾನು ಕಡಿಮೆ ಎಣಿಸಲಾರೆ.

ಬ್ಯಾಂಕಾಕಿಗೆ ನಮ್ಮ ಕಡೆಯಿಂದ ಹೋಗುವವರು ಬಹಳ. ಹೋಗಿಬಂದವರ ಮಾತಿನಲ್ಲಿ ರಾತ್ರಿಯೇ ಹೆಚ್ಚು. ಸೀಲೊಂ ರಸ್ತೆಯ ನಾಲ್ಕನೆಯ ಸೋಯಿ, ಅಂದರೆ ಅಡ್ಡರಸ್ತೆ, ನಮ್ಮಂಥವರಿಗೆ ಜಗತ್ತಿನಲ್ಲೇ ಹೆಸರಾದ ಗಲ್ಲಿ. ಎರಡೂ ಪಕ್ಕ ಮೇಜು ಹಾಕಿಕೊಂಡ ಚಿಕ್ಕ ಬಾರುಗಳು, ನಡುವೆ ಇಬ್ಬರು ಹೋಗುವಷ್ಟು ಜಾಗ. ಒಂದು ಸಂಜೆಗೆ ಚೆನ್ನ. ಎರಡನೆಯ ಸಂಜೆಗೆ ನಾನು ಅದೇ ಸೀಲೊಂ ರಸ್ತೆಯಲ್ಲಿ ಸ್ವಲ್ಪ ದೂರ ನಡೆದು, 19ನೆಯ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಗೆ ಹೋದೆ. ಗೋಪುರದ ಬಣ್ಣ, ಕರ್ಪೂರದ ಹೊಗೆ, ತೆಂಗಿನಕಾಯಿ, ಎಲ್ಲ ನಮ್ಮ ಮಾರಿಗುಡಿಯದೇ. ಕೈಮುಗಿದು ನಿಂತವರಲ್ಲಿ ಮುಕ್ಕಾಲು ಪಾಲು ಥಾಯ್ ಜನ. ವಿಜಯದಶಮಿಯ ರಾತ್ರಿ ಅಮ್ಮನ ಮೆರವಣಿಗೆ ಇದೇ ರಸ್ತೆಯಲ್ಲಿ ಹೊರಡುತ್ತದೆ, ಆಗ ರಸ್ತೆಯುದ್ದಕ್ಕೂ ಚೆಂಡು ಹೂವಿನ ಪೀಠಗಳನ್ನು ಕಟ್ಟುತ್ತಾರೆ.

ಚೆಂಡು ಹೂವು ಎಂದರೆ ಗುಂಡ್ಲುಪೇಟೆಯವನ ಕಿವಿ ನಿಮಿರುತ್ತದೆ. ನಮ್ಮ ಹೊಲಗಳಲ್ಲಿ ಮುಂಗಾರಿಗೆ ಬೆಳೆಯುವ ಚೆಂಡು ಹೂವು ಸ್ವಲ್ಪ ಓಣಂಗೆಂದು ಗಡಿ ದಾಟಿ ಕೇರಳಕ್ಕೆ, ಹೆಚ್ಚಿನದು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕಿಲೋ ಲೆಕ್ಕದಲ್ಲಿ, ಗೋಣಿಚೀಲದಲ್ಲಿ ಒತ್ತಿ ತುಂಬಿ ಟೆಂಪೋದಲ್ಲಿ ಸಾಗಿಸುತ್ತೇವೆ. ಹೂವೆಂದು ಅದನ್ನು ನಾವು ಬಿಡಿಬಿಡಿಯಾಗಿ ನೋಡುವುದೇ ಇಲ್ಲ. ಬ್ಯಾಂಕಾಕಿನ ಪಾಕ್ ಕ್ಲಾಂಗ್ ತಲಾತ್ ಹೂವಿನ ಮಾರುಕಟ್ಟೆ ಹಗಲೂ ರಾತ್ರಿಯೂ ತೆರೆದಿರುತ್ತದೆ. ಬೆಳಗಿನ ಜಾವ ಹೋದರೆ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕುಳಿತು, ಚೆಂಡು ಹೂಗಳನ್ನು ಒಂದೇ ಗಾತ್ರಕ್ಕೆ ಆರಿಸಿ, ಮಂಜಿನ ನೀರು ಚಿಮುಕಿಸಿ, ಪ್ಲಾಸ್ಟಿಕ್ಕಿನಲ್ಲಿ ಸಾಲಾಗಿ ಜೋಡಿಸುತ್ತಿರುತ್ತಾರೆ. ಮಲ್ಲಿಗೆ ಮೊಗ್ಗು, ಎಕ್ಕದ ಹೂ, ಗುಲಾಬಿ ಸೇರಿಸಿ ಕೈಗೆ ಕಟ್ಟಿಕೊಳ್ಳುವಷ್ಟು ಚಿಕ್ಕ ಹಾರ ಕಟ್ಟುತ್ತಾರೆ. ನಮ್ಮಿಬ್ಬರನ್ನು ನೋಡಿ ಒಬ್ಬಾಕೆ ಎರಡು ಹಾರ ಎತ್ತಿಕೊಟ್ಟು, ಇದು ಅವನಿಗೆ ಅದು ಇವನಿಗೆ ಎಂದು ಕೈಸನ್ನೆ ಮಾಡಿದಳು. 2025ರ ಜನವರಿ 23ರಿಂದ ಥಾಯ್ಲೆಂಡಿನಲ್ಲಿ ಸಲಿಂಗಿಗಳ ಮದುವೆ ಕಾನೂನುಬದ್ಧ. ಆಗ್ನೇಯ ಏಷ್ಯಾದಲ್ಲಿ ಇದೇ ಮೊದಲು. ಆದರೆ ಆ ಹೂವಾಡಗಿತ್ತಿಯ ಸನ್ನೆ ಕಾನೂನಿಗಿಂತ ಬಹಳ ಹಳೆಯ ಸಲಿಗೆಯಿಂದ ಬಂದದ್ದು ಎಂದು ನನಗೆ ಅನ್ನಿಸಿತು. ಬ್ಯಾಂಕಾಕಿಗೆ ಹೋಗುವ ಗೆಳೆಯರಿಗೆ ನಾನು ಹೇಳುವುದು ಇಷ್ಟು: ರಾತ್ರಿ ಬೇಗ ಮಲಗಿ, ನಾಲ್ಕು ಗಂಟೆಗೆ ಎದ್ದು ಹೂವಿನ ಮಾರುಕಟ್ಟೆಗೆ ಹೋಗಿ.

ಎಲ್ಲಕ್ಕಿಂತ ಮೇಲು ಯಾವುದು ಎಂದು ಕೇಳಿದರೆ ನನ್ನ ಉತ್ತರ ತೈಪೆ. ಏಷ್ಯಾದಲ್ಲಿ ಸಲಿಂಗಿಗಳ ಮದುವೆಗೆ ಮೊದಲು ಒಪ್ಪಿಗೆ ಕೊಟ್ಟ ದೇಶ ತೈವಾನ್. 2017ರ ಮೇ 24ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತೀರ್ಪು, ಸರಿಯಾಗಿ ಎರಡು ವರ್ಷಕ್ಕೆ, 2019ರ ಮೇ 24ರಂದು ಕಾನೂನು ಜಾರಿ. ಅದರ ಹಿಂದೆ ಚೀ ಚಿಯಾ-ವೇ ಎಂಬೊಬ್ಬ ಮನುಷ್ಯನ ಮೂವತ್ತು ವರ್ಷಗಳ ಹಟವಿದೆ. 1980ರ ದಶಕದಲ್ಲಿ, ಆ ದೇಶ ಇನ್ನೂ ಸೇನಾ ಕಾನೂನಿನ ಅಡಿಯಲ್ಲಿದ್ದಾಗಲೇ, ತಾನು ಸಲಿಂಗಿ ಎಂದು ಎಲ್ಲರೆದುರು ಹೇಳಿ, ಮದುವೆಯ ಹಕ್ಕು ಕೊಡಿ ಎಂದು ಸರ್ಕಾರವನ್ನು ಕೇಳಿದವರು ಅವರು. ಪ್ರತಿ ಅಕ್ಟೋಬರಿನ ಕೊನೆಯ ಶನಿವಾರ ನಡೆಯುವ ಅಲ್ಲಿನ ಸಲಿಂಗಿಗಳ ಮೆರವಣಿಗೆ 2003ರಲ್ಲಿ ಶುರುವಾದದ್ದು. ಶಿಮೆನ್ ಪ್ರದೇಶದಲ್ಲಿ 1908ರಲ್ಲಿ ಜಪಾನೀಯರು ಮಾರುಕಟ್ಟೆಗೆಂದು ಕಟ್ಟಿದ ಎಂಟು ಮೂಲೆಯ ಕೆಂಪು ಇಟ್ಟಿಗೆಯ ಕಟ್ಟಡವಿದೆ, ರೆಡ್ ಹೌಸ್ ಎನ್ನುತ್ತಾರೆ. ಅದರ ಬೆನ್ನಿಗೆ ಬಯಲಲ್ಲೇ ಮೇಜು ಹಾಕಿಕೊಂಡ ಸಲಿಂಗಿಗಳ ಅಂಗಡಿಗಳು. ಬ್ಯಾಂಕಾಕಿನ ಗಲ್ಲಿಯಷ್ಟು ಅಬ್ಬರವಿಲ್ಲ. ಆಫೀಸು ಮುಗಿಸಿ ಬಂದವರು ಕೂತು ಮಾತಾಡಿ ಕೊನೆಯ ಮೆಟ್ರೋ ಹಿಡಿದು ಮನೆಗೆ ಹೋಗುತ್ತಾರೆ. ಹಾಗೆ ಮನೆಗೆ ಹೋಗುವುದನ್ನು ನೋಡಲೆಂದೇ ನಾನು ಅಲ್ಲಿ ಕೂತಿರುತ್ತಿದ್ದೆ.

ಆದರೂ ತೈಪೆ ನನ್ನ ಮನಸ್ಸಿಗೆ ಹತ್ತಿದ್ದು ಒಂದು ಮೊಲದಿಂದ. ನದಿಯಾಚೆ ಯೋಂಗ್‌ಹ ಎಂಬಲ್ಲಿ ತುಅರ್ ಶೆನ್, ಮೊಲದೇವರ ಗುಡಿಯಿದೆ. ಹದಿನೆಂಟನೆಯ ಶತಮಾನದ ಚೀನೀ ಲೇಖಕ ಯುಆನ್ ಮೇ ಬರೆದಿಟ್ಟ ಕಥೆ ಅದು. ಫ್ಯೂಜಿಯಾನ್ ಸೀಮೆಯ ಹೂ ತಿಯಾನ್‌ಬಾವೋ ಎಂಬ ಯುವಕ ಅಲ್ಲಿಗೆ ಬಂದ ಚೆಲುವ ಅಧಿಕಾರಿಯ ಮೇಲೆ ಮನಸ್ಸಿಟ್ಟ. ಕದ್ದು ನೋಡುವಾಗ ಸಿಕ್ಕಿಬಿದ್ದು, ಇದ್ದದ್ದನ್ನು ಇದ್ದಂತೆ ಹೇಳಿದ. ಅಧಿಕಾರಿ ಸಿಟ್ಟಾಗಿ ಅವನನ್ನು ಕೊಲ್ಲಿಸಿದ. ಸತ್ತ ಮೇಲೆ ಯಮಲೋಕದವರು, ಇವನು ಮಾಡಿದ್ದು ಪ್ರೀತಿ, ಕೇಡಲ್ಲ ಎಂದು ಅವನನ್ನೇ ಗಂಡು ಗಂಡನ್ನು ಪ್ರೀತಿಸುವವರ ದೇವರಾಗಿ ನೇಮಿಸಿದರು. ಈಗಿನ ಗುಡಿಯನ್ನು 2006ರಲ್ಲಿ ಲೂ ವೇ-ಮಿಂಗ್ ಎಂಬ ಟಾವೋ ಅರ್ಚಕರು ಸ್ಥಾಪಿಸಿದರು. ಗೋಪುರವಿಲ್ಲ, ಪ್ರಾಕಾರವಿಲ್ಲ, ಮನೆಗಳ ನಡುವೆ ಇನ್ನೊಂದು ಮನೆಯ ಹಾಗಿದೆ.

ಬಿಳಿಗಿರಿರಂಗನ ಸೀಮೆಯವನಿಗೆ ಈ ದೇವರು ಹೊಸಬನಲ್ಲ. ನಮ್ಮ ರಂಗನಾಥ ಸೋಲಿಗರ ಕುಸುಮಾಲೆಯನ್ನು ಕಂಡು ಮೋಹಗೊಂಡು, ಕುಲ ನೋಡದೆ ಕಾಡಿನ ಅಳಿಯನಾದವನು. ಸೋಲಿಗರು ಇವತ್ತಿಗೂ ಅವನನ್ನು ಭಾವ ಎಂದು ಕರೆಯುತ್ತಾರೆ. ಊರು ಒಪ್ಪದ ಪ್ರೀತಿಯನ್ನು ದೇವರ ತಲೆಗೆ ಕಟ್ಟಿ, ಹಾಡು ಕಟ್ಟಿ, ಜಾತ್ರೆ ಮಾಡಿ ಒಪ್ಪಿಸಿಕೊಂಡದ್ದು ನಮ್ಮ ಜನ. ಹಾಗಾಗಿ ಮೊಲದೇವರ ಮುಂದೆ ಊದುಬತ್ತಿ ಹಿಡಿದು ನಿಂತಾಗ ನನಗೆ ಪರವೂರಿನ ಗುಡಿಯೆನ್ನಿಸಲಿಲ್ಲ.

ತೈವಾನಿನ ಗುಡಿಗಳಲ್ಲಿ ದೇವರಿಗೆ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಎಲ್ಲ ಹೇಳಿಕೊಳ್ಳಬೇಕು. ಇಷ್ಟು ಜನರಲ್ಲಿ ಕೇಳಿದವನು ಯಾರು, ಎಲ್ಲಿರುತ್ತಾನೆ ಎಂದು ದೇವರಿಗೆ ತಿಳಿಯಬೇಡವೇ? ನಮ್ಮ ದೇವಸ್ಥಾನಗಳಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ, ಗೋತ್ರ ಹೇಳುವ ಹಾಗೆಯೇ. ಗೋಪಾಲಸ್ವಾಮಿ ಬೆಟ್ಟದಲ್ಲಿ ನಾವು ಅರ್ಚನೆ ಮಾಡಿಸುವಾಗ ನಾನು ನನ್ನ ಹೆಸರು ಹೇಳುತ್ತೇನೆ, ಅವನು ಅವನ ಹೆಸರು ಹೇಳುತ್ತಾನೆ. ಎರಡು ತಟ್ಟೆ, ಎರಡು ಕಾಯಿ, ಎರಡು ಮಂಗಳಾರತಿ. ಮುಂದೆ ನಿಂತ ಗಂಡ ಹೆಂಡತಿಗೆ ಒಂದೇ ತಟ್ಟೆ. ತೈಪೆಯ ಆ ಚಿಕ್ಕ ಗುಡಿಯಲ್ಲಿ ನನ್ನ ಸಂಗಾತಿ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಹೇಳಿ, ಒಂದೇ ವಿಳಾಸ ಹೇಳಿದ. ಚಾಮರಾಜನಗರದ ಬಡಾವಣೆಯ ಹೆಸರು, ಮನೆ ನಂಬರು, ಕೊನೆಗೆ ಪಿನ್‌ಕೋಡನ್ನೂ ಬಿಡದೆ ಕನ್ನಡದಲ್ಲಿ ಒಪ್ಪಿಸಿದ. ಇಬ್ಬರಿಗೂ ಸೇರಿ ಒಂದು ವಿಳಾಸವನ್ನು ದೇವರ ಮುಂದೆ ಹೇಳಿಕೊಂಡದ್ದು ಅದೇ ಮೊದಲು.

ದೂರ ಹೋಗಲಾಗದವರಿಗೆ ಕಾಠ್ಮಂಡುವಿದೆ. ಭಾರತೀಯರಿಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಇದ್ದರೂ ನಡೆಯುತ್ತದೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು, ಆ ಮಟ್ಟಿಗೆ ಅದೂ ನಮ್ಮೂರೇ. ನೇಪಾಳದ ಸುಪ್ರೀಂ ಕೋರ್ಟು 2007ರಲ್ಲೇ, ಅಂದರೆ ನಮಗಿಂತ ಹನ್ನೊಂದು ವರ್ಷ ಮೊದಲು, ಸಲಿಂಗಿಗಳ ಪರ ತೀರ್ಪು ಕೊಟ್ಟಿತು. 2023ರ ನವೆಂಬರಿನಲ್ಲಿ ಲಮ್‌ಜುಂಗ್ ಜಿಲ್ಲೆಯಲ್ಲಿ ಅಂಥ ಮೊದಲ ಮದುವೆ ನೋಂದಣಿಯಾಯಿತು. ಆಗಸ್ಟಿನ ಗಾಯಿ ಜಾತ್ರೆಯಂದು, ಆ ವರ್ಷ ತೀರಿಕೊಂಡವರ ಮನೆಯವರು ಹಸುವಿನ ವೇಷದ ಮಕ್ಕಳನ್ನು ನಡೆಸಿಕೊಂಡು ಹೊರಡುವ ಬೀದಿಗಳಲ್ಲೇ, ಸಲಿಂಗಿಗಳೂ ಲಿಂಗಾಂತರಿಗಳೂ ತಮ್ಮ ಮೆರವಣಿಗೆ ತೆಗೆಯುತ್ತಾರೆ. ಹಬ್ಬದ ಜೊತೆ ಸೇರಿಕೊಂಡದ್ದರಿಂದ ಅದಕ್ಕೆ ಬೇರೆಯದೇ ತೂಕ ಬಂದಿದೆ. ನಾವು ಮುಂದೆ ಹೋಗಬೇಕೆಂದಿರುವುದು ಅಲ್ಲಿಗೇ.

ತೈಪೆಯ ಹೋಟೆಲಿನಲ್ಲಿ ಪರಿಚಯವಾದ ಅಲ್ಲಿನದೇ ಜೋಡಿಯೊಂದು ನಮ್ಮೂರಿಗೆ ಬರುತ್ತೇವೆಂದು ಕೂತಿದೆ. ಅವರಿಗೆ ಗುಂಡ್ಲುಪೇಟೆಯೇ ಹೊರದೇಶದ ರಜೆ. ಅವರಿಗೆ ಬರೆದು ಕಳಿಸಿದ ಮಾತುಗಳನ್ನೇ ಇಲ್ಲಿ ಹಾಕುತ್ತೇನೆ, ಬೇರೆಯವರಿಗೂ ಉಪಯೋಗವಾದೀತು.

ಜುಲೈಯಲ್ಲಿ ಬನ್ನಿ. ಆಗ ಹೆದ್ದಾರಿಯ ಎರಡೂ ಕಡೆ ಸೂರ್ಯಕಾಂತಿ ಅರಳಿರುತ್ತದೆ. ಕೇರಳದ ಕಾರುಗಳು ಸಾಲಾಗಿ ನಿಂತಿರುತ್ತವೆ, ಹೊಲದೊಳಗೆ ಹೋಗಿ ಫೋಟೋ ತೆಗೆಸಿಕೊಳ್ಳಲು ರೈತರು ಸ್ವಲ್ಪ ದುಡ್ಡು ಕೇಳುತ್ತಾರೆ, ಚೌಕಾಸಿ ಮಾಡದೆ ಕೊಡಿ. ಗಿಡ ತುಳಿದು ಆಗುವ ನಷ್ಟ ಅವರದು. ಹೊಲದ ಯಜಮಾನಿ ‘ಅಣ್ತಮ್ದೀರಾ?’ ಎಂದು ಕೇಳಬಹುದು. ಪ್ರೀತಿಯಿಂದ ಕೇಳುವ ಮಾತು, ಉತ್ತರ ನಿಮಗೆ ಬಿಟ್ಟದ್ದು. ಕೈ ಹಿಡಿದುಕೊಂಡು ತಿರುಗಿ, ತೊಂದರೆಯಿಲ್ಲ. ಮುತ್ತಿಡಬೇಡಿ, ಅದು ಇಲ್ಲಿ ಗಂಡ ಹೆಂಡಿರಿಗೂ ಇಲ್ಲ. 2018ರ ಸೆಪ್ಟೆಂಬರ್ 6ರಿಂದ ಈ ದೇಶದಲ್ಲಿ ನಾವು ಅಪರಾಧಿಗಳಲ್ಲ. ಆದರೆ 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನಮಗೆ ಮದುವೆಯ ಹಕ್ಕಿಲ್ಲ, ಆದ್ದರಿಂದ ನಿಮ್ಮ ಮದುವೆಯ ಪತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಬೇಕಾದೀತೆಂದು ಇನ್ನೊಬ್ಬರ ಹೆಸರು, ಫೋನ್ ನಂಬರು ಜೇಬಿನಲ್ಲಿ ಬರೆದಿಟ್ಟುಕೊಂಡಿರಿ.

ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ಸು ಹತ್ತಿ. ಬೆಳಿಗ್ಗೆ ಬೇಗ ಹೋದರೆ ಮಂಜು ಇನ್ನೂ ಎದ್ದಿರುವುದಿಲ್ಲ, ಪಕ್ಕದಲ್ಲಿ ನಿಂತವರ ಮುಖವೂ ಕಾಣದು. ಗರ್ಭಗುಡಿಯ ಬಾಗಿಲ ಕಲ್ಲು ಯಾವಾಗಲೂ ನೀರು ಜಿನುಗುತ್ತಿರುತ್ತದೆ, ಭಕ್ತರ ತಲೆಗೆ ಅದೇ ತೀರ್ಥ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಮುಚ್ಚುತ್ತಾರೆ, 2009ರಿಂದ ಹೀಗೇ. ಊಟಿಯ ಕಡೆಗಾಗಲಿ ವಯನಾಡಿನ ಕಡೆಗಾಗಲಿ ಹೊರಟವರು ಅಷ್ಟರೊಳಗೆ ಚೆಕ್‌ಪೋಸ್ಟ್ ದಾಟಿರಬೇಕು. ಹೊರದೇಶದವರು ಉಳಿದರೆ ಅವರ ವಿವರದ ಫಾರಂ ತುಂಬಿ ಕಳಿಸಬೇಕಾದ್ದರಿಂದ ಸಣ್ಣ ಲಾಡ್ಜಿನವರು ರೂಮಿಲ್ಲ ಎಂದುಬಿಡಬಹುದು. ಬೇಸರ ಮಾಡಿಕೊಳ್ಳದೆ ಸೀದಾ ಚಾಮರಾಜನಗರಕ್ಕೆ ಬನ್ನಿ. ಆ ಫಾರಂ ನಾವೇ ತುಂಬುತ್ತೇವೆ. ನೆಂಟರ ಕೋಣೆಗೆ ಒಂದೇ ದೊಡ್ಡ ಮಂಚ ಮಾಡಿಸಿ ಹಾಕಿದ್ದೇವೆ. ಒಬ್ಬರು ಮೊಟ್ಟೆ ತಿನ್ನುವುದಿಲ್ಲವೆಂದು ಹೇಳಿದ್ದಿರಿ, ಯಾರೆಂದು ಮರೆತಿದ್ದೇನೆ, ಬರುವ ಮೊದಲು ತಿಳಿಸಿ.